ಹಳೇ ಹಂಚಿನ ಮನೆ ರಿಪೇರಿ: ಮೊದಲು ಮಳೆ ನೀರು, ಮಿಕ್ಕಿದ್ದು ಆಮೇಲೆ

ನಮ್ಮದು ಚಿಕ್ಕಮಗಳೂರು ಜಿಲ್ಲೆ ಮೂಡಿಗೆರೆ ತಾಲ್ಲೂಕಿನ ಒಂದು ಹಳ್ಳಿ. ಮನೆ ಅಜ್ಜನ ಕಾಲದ್ದು. ದಪ್ಪ ಮಣ್ಣಿನ ಗೋಡೆ, ಮತ್ತಿ ಮರದ ತೊಲೆ, ಮಂಗಳೂರು ಹಂಚು. ಅಪ್ಪ ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂತು. ಕೆಡವಿ ಆರ್‌ಸಿಸಿ ಕಟ್ಟು ಅಂತ ಹೇಳಿದವರೇ ಜಾಸ್ತಿ. ನಾನು ರಿಪೇರಿ ಮಾಡಲು ನಿರ್ಧರಿಸಿದೆ. ಮೇಸ್ತ್ರಿಗೆ ಒಪ್ಪಿಸಿ ದೂರ ಕೂರಲಿಲ್ಲ. ಹಂಚು ತೊಳೆದೆ, ಸುಣ್ಣ ಅರಳಿಸಿದೆ, ಚರಂಡಿಗೆ ಹಾರೆ ಹಿಡಿದೆ. ಈಗ ಕೆಲವು ಮಳೆಗಾಲ ಕಳೆದಿವೆ. ಜುಲೈ ತಿಂಗಳಲ್ಲೂ ಗೋಡೆ ಮುಟ್ಟಿದರೆ ಒಣಗಿರುತ್ತದೆ. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಇದೇ ಜಿಲ್ಲೆಯ ಕಡೂರಿನಲ್ಲಿ ಅಥವಾ ಪಕ್ಕದ ಅರಸೀಕೆರೆಯಲ್ಲಿ ಮನೆ ಕಟ್ಟುವವರ ಚಿಂತೆ ಬಿಸಿಲಿನದು. ನಮ್ಮ ಚಿಂತೆ ನೀರಿನದು. ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. 1000 ಚದರ ಅಡಿಯ ಮಾಡು (ಇಳಿಜಾರು ಚಾವಣಿ) ಅಂದರೆ ಸುಮಾರು 93 ಚದರ ಮೀಟರ್. ಆಷಾಢದಲ್ಲಿ ಒಂದೇ ದಿನ 100 ಮಿಲಿಮೀಟರ್ ಸುರಿಯುವುದು ನಮ್ಮ ಕಡೆ ಏನೂ ಹೊಸತಲ್ಲ. ಅಂದರೆ ಒಂದು ದಿನಕ್ಕೆ 9300 ಲೀಟರ್ ನೀರು ನಿಮ್ಮ ಸೂರಿನಿಂದ ಪಾಯದ ಪಕ್ಕಕ್ಕೆ ಬೀಳುತ್ತದೆ. ಆ ನೀರು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾಗುವವರೆಗೆ ಬಣ್ಣ, ಟೈಲ್ಸ್, ಕಿಚನ್ ಯಾವುದನ್ನೂ ಯೋಚಿಸಬೇಡಿ.

ಅದಕ್ಕೇ ನಾನು ಕೆಲಸ ಶುರು ಮಾಡುವ ಮುಂಚೆ ಒಂದು ಮಳೆಗಾಲ ಪೂರ್ತಿ ಮನೆಯನ್ನು ಸುಮ್ನೆ ನೋಡಿದೆ. ಎಲ್ಲಿ ಸೋರುತ್ತದೆ, ಯಾವ ಗೋಡೆಗೆ ಎರಚಲು ಹೊಡೆಯುತ್ತದೆ, ಥಂಡಿ, ಅಂದರೆ ತೇವ, ನೆಲದಿಂದ ಎಷ್ಟು ಎತ್ತರ ಏರಿದೆ ಅಂತ ಗೋಡೆ ಮೇಲೇ ಪೆನ್ಸಿಲ್‌ನಿಂದ ಗುರುತು ಹಾಕಿದೆ. ಒಳಗೆ ಹನಿ ಬೀಳುವ ಜಾಗದ ನೇರಕ್ಕೆ ಮೇಲೆ ಹಂಚು ಒಡೆದಿರುತ್ತದೆ ಅಂತೇನೂ ಇಲ್ಲ. ನೀರು ರೀಪು (ಹಂಚು ಕೂರುವ ಅಡ್ಡ ಪಟ್ಟಿ), ಪಕಾಸಿ (ರೀಪನ್ನು ಹೊರುವ ಇಳಿಜಾರಿನ ಮರ) ಹಿಡಿದು ಎಷ್ಟೋ ಅಡಿ ಕೆಳಗೆ ಜಾರಿ ಆಮೇಲೆ ತೊಟ್ಟಿಕ್ಕುತ್ತದೆ. ಮಳೆ ಸುರಿಯುವಾಗ ಅಟ್ಟ ಹತ್ತಿ ಟಾರ್ಚ್ ಬಿಟ್ಟು ನೋಡಿದರೆ ಮಾತ್ರ ಅದು ಕಾಣುತ್ತದೆ. ಬೇಸಿಗೆಯಲ್ಲಿ ಬಂದು ಅಂದಾಜು ಹೇಳುವ ಯಾವ ಇಂಜಿನಿಯರ್‌ಗೂ ಅದು ಕಾಣುವುದಿಲ್ಲ.

ಕೆಲಸಕ್ಕೆ ಸಮಯ ಸಿಗುವುದೇ ಕಷ್ಟ. ಮಳೆ ನಿಂತ ಕೂಡಲೇ ಅರೇಬಿಕಾ ಕೊಯ್ಲು, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ. ಆಳುಗಳು ತೋಟ ಬಿಟ್ಟು ಬರುವುದಿಲ್ಲ. ಕೈಗೆ ಸಿಗುವುದು ಫೆಬ್ರವರಿ ಕೊನೆಯಿಂದ ಮೇ ನಡುವಿನವರೆಗೆ ಅಷ್ಟೇ. ಅದರ ಮಧ್ಯೆ ಕಾಫಿ ಹೂ ಅರಳಿಸುವ ಹೂಮಳೆ ಬೇರೆ ಬರುತ್ತದೆ. ಆದ್ದರಿಂದ ಮರ, ಸುಣ್ಣ, ಮರಳು, ಹಂಚು ಎಲ್ಲವನ್ನೂ ಜನವರಿಯೊಳಗೆ ತಂದು ಶೆಡ್‌ನಲ್ಲಿ ಇಟ್ಟುಕೊಂಡೆ. ಮಾಡು ಬಿಚ್ಚುವಾಗ ಒಂದೇ ಸಲ ಪೂರ್ತಿ ಬಿಚ್ಚಲಿಲ್ಲ. ಒಂದು ಕಡೆ ಬಿಚ್ಚಿ, ಹೊದಿಸಿ, ಆಮೇಲೆ ಇನ್ನೊಂದು ಕಡೆ. ಮಣ್ಣಿನ ಗೋಡೆಯ ನೆತ್ತಿಗೆ ಒಂದು ಜೋರು ಮಳೆ ಹೊಡೆದರೆ ಸಾಕು, ಗೋಡೆ ಹಾಳಾಗುತ್ತದೆ. ದೊಡ್ಡ ಟಾರ್ಪಾಲ್ ಯಾವಾಗಲೂ ಪಕ್ಕದಲ್ಲೇ ಇರಬೇಕು.

ಈಗ ಹಂಚಿನ ವಿಷಯ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ಕರಾವಳಿಯಲ್ಲಿ ಎಷ್ಟೋ ಕಾರ್ಖಾನೆ ಬಂದವು. ಅವರೆಲ್ಲ ತಮ್ಮ ಹೆಸರನ್ನು ಹಂಚಿನ ಮೇಲೇ ಅಚ್ಚು ಹಾಕುತ್ತಿದ್ದರು. ಈ ಅಚ್ಚು ರಿಪೇರಿಯಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. ಎಲ್ಲಾ ಹಂಚೂ ನೋಡಲು ಒಂದೇ ಥರ ಇದ್ದರೂ ಒಂದಕ್ಕೊಂದು ಕೂರುವ ಅಂಚಿನ ಕಚ್ಚು ಕಾರ್ಖಾನೆಯಿಂದ ಕಾರ್ಖಾನೆಗೆ ಸ್ವಲ್ಪ ಬೇರೆ. ಎರಡು ಹೆಸರಿನ ಹಂಚು ಒಂದೇ ಸಾಲಿನಲ್ಲಿ ಕೂರಿಸಿದರೆ ಸಂದು ಬಿಡುತ್ತದೆ, ಗಾಳಿ ಮಳೆಗೆ ನೀರು ಒಳಗೆ ಹೊಡೆಯುತ್ತದೆ. ನಾವು ಇಳಿಸಿದ ಹಂಚನ್ನು ಹೆಸರಿನ ಪ್ರಕಾರ ಅಂಗಳದಲ್ಲಿ ಬೇರೆ ಬೇರೆ ಜೋಡಿಸಿದೆವು. ಮಾಡಿನ ಒಂದೊಂದು ಮುಖಕ್ಕೆ ಒಂದೊಂದು ಹೆಸರಿನದು ಅಂತ ಹಂಚಿಕೊಂಡೆವು.

ಒಂದೊಂದು ಹಂಚನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಠಣ್ ಅಂದರೆ ಗಟ್ಟಿ. ಬೊದ್ದು ಸದ್ದು ಬಂದರೆ ಕಣ್ಣಿಗೆ ಕಾಣದ ಬಿರುಕು ಇದೆ ಅಂತ ಅರ್ಥ. ಪಾಚಿಯನ್ನು ತೆಂಗಿನ ನಾರಿನ ಬ್ರಷ್‌ನಲ್ಲಿ ಉಜ್ಜಿ ತೆಗೆದರೆ ಸಾಕು, ಆಸಿಡ್ ಬೇಡ. ಹಳೇ ಹಂಚು ಸರಿಯಾಗಿ ಸುಟ್ಟಿದ್ದಾದರೆ ಅದನ್ನು ಬಿಸಾಡಿ ಹೊಸದು ತರುವುದರಲ್ಲಿ ಅರ್ಥವೇ ಇಲ್ಲ. ಬೇಕಾಗುವ ಲೆಕ್ಕ 100 ಚದರ ಅಡಿ ಮಾಡಿಗೆ ಸುಮಾರು 140ರಿಂದ 150 ಹಂಚು. ಅಳೆಯುವಾಗ ನೆಲದ ಅಳತೆ ಹಿಡಿಯಬೇಡಿ, ಮಾಡಿನ ಇಳಿಜಾರಿನ ಮೇಲೆ ಟೇಪು ಹಿಡಿಯಿರಿ.

ಇಳಿಜಾರು ಕಡಿಮೆ ಇದ್ದರೆ ಎಷ್ಟು ಒಳ್ಳೆ ಹಂಚು ಹಾಕಿದರೂ ಸೋರುತ್ತದೆ. ಹತ್ತು ಅಡಿ ಅಡ್ಡಕ್ಕೆ ಆರು ಅಡಿ ಎತ್ತರ ಬಂದರೆ ಸುಮಾರು 30 ಡಿಗ್ರಿ ಆಗುತ್ತದೆ. ನಮ್ಮ ಮಳೆಗೆ ಅದಕ್ಕಿಂತ ಕಮ್ಮಿ ಮಾಡಬೇಡಿ. ನಮ್ಮ ಮನೆಯಲ್ಲಿ ಹಿಂಭಾಗದ ಚಾಚು ಮಾಡಿನ ಇಳಿಜಾರು ಕಮ್ಮಿ ಇತ್ತು. ಅಲ್ಲಿ ಗೋಡೆ ಕಡೆ ಎತ್ತರಿಸಿ ಹೊಸ ಪಕಾಸಿ ಕೊಟ್ಟೆವು. ರೀಪಿನ ಅಂತರವನ್ನು ನಮ್ಮ ಬಡಗಿ ಆಚಾರ್ರು ಟೇಪಿನಿಂದ ಅಳೆಯಲಿಲ್ಲ. ನಮ್ಮದೇ ಹಂಚು ಎರಡನ್ನು ಕಚ್ಚಿಸಿ ಇಟ್ಟು, ಅದರಿಂದ ಒಂದು ಕೋಲು ಕತ್ತರಿಸಿಕೊಂಡು, ಆ ಕೋಲನ್ನೇ ಅಳತೆ ಮಾಡಿಕೊಂಡರು. ಇದೇ ಸರಿಯಾದ ಕ್ರಮ.

ಎರಡು ಮಾಡು ಸೇರುವ ಒಳಮೂಲೆಯಲ್ಲಿ ನೀರು ಹೊಳೆಯ ಹಾಗೆ ಇಳಿಯುತ್ತದೆ. ಅಲ್ಲಿ ಅಗಲದ ತಗಡು ಹಾಕಿಸಿ. ಎಲೆ ಕಸ ಕಟ್ಟಿಕೊಂಡರೂ ನೀರು ಉಕ್ಕಿ ಪಕ್ಕಕ್ಕೆ ಹೋಗಬಾರದು, ಅಷ್ಟು ಅಗಲ ಇರಬೇಕು. ತಗಡಿನ ಎರಡೂ ಅಂಚು ಸ್ವಲ್ಪ ಮೇಲಕ್ಕೆ ಮಡಚಿರಬೇಕು. ದುಡ್ಡು ಉಳಿಸಲು ಇದು ಜಾಗವೇ ಅಲ್ಲ.

ಹಂಚು ಬೇಡ, ಶೀಟ್ ಹಾಕಿ ಅಂತ ಹೇಳುವವರಿಗೂ ಕಾರಣ ಇದೆ. ಮಂಗನ ಕಾಟ. ಒಂದು ಹಿಂಡು ಓಡಿ ಹೋದರೆ ಎಷ್ಟು ಹಂಚು ಸರಿದಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಆದರೆ ಬರೀ ಶೀಟ್ ಹಾಕಿದರೆ ಮಳೆ ಸದ್ದಿಗೆ ಮಾತು ಕೇಳಿಸುವುದಿಲ್ಲ, ಏಪ್ರಿಲ್‌ನಲ್ಲಿ ಕಾವು, ಚಳಿಯಲ್ಲಿ ಒಳಗಿನ ಹಬೆ ತಗಡಿಗೆ ತಾಗಿ ಹನಿಯಾಗಿ ಬೀಳುತ್ತದೆ. ನಾನು ಮಂಗ ಜಾಸ್ತಿ ಬರುವ ಹಿಂಭಾಗಕ್ಕೆ ಮಾತ್ರ ಕೆಳಗೆ ಶೀಟ್, ಮೇಲೆ ಹಂಚು ಮಾಡಿಸಿದೆ. ಇದರಲ್ಲಿ ಒಂದು ಮುಖ್ಯ ವಿಷಯ ಇದೆ. ಶೀಟಿನ ಮೇಲೆ ಅಡ್ಡ ರೀಪನ್ನು ನೇರವಾಗಿ ಹೊಡೆದರೆ, ಒಡೆದ ಹಂಚಿನಿಂದ ಇಳಿದ ನೀರು ಆ ರೀಪಿಗೆ ತಡೆದು ಅಲ್ಲೇ ನಿಲ್ಲುತ್ತದೆ, ರೀಪು ಕೊಳೆಯುತ್ತದೆ. ಮೊದಲು ಮೇಲಿಂದ ಕೆಳಕ್ಕೆ ಉದ್ದ ಪಟ್ಟಿ, ಅದರ ಮೇಲೆ ಅಡ್ಡ ರೀಪು. ಆಗ ನೀರು ಕೆಳಗಿನಿಂದ ಜಾರಿ ಹೋಗುತ್ತದೆ, ಗಾಳಿಯೂ ಆಡುತ್ತದೆ.

ಮರದಲ್ಲಿ ಮೊದಲು ನೋಡಬೇಕಾದ್ದು ತೊಲೆಯ ತುದಿ, ಗೋಡೆಯೊಳಗೆ ಕೂತ ಭಾಗ. ನಡುವೆ ಕಬ್ಬಿಣದ ಹಾಗಿದ್ದರೂ ತುದಿ ಕೊಳೆತಿರಬಹುದು. ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ನಮ್ಮ ಹಳೇ ಅಡುಗೆಮನೆಯ ಮರ ಎಲ್ಲಕ್ಕಿಂತ ಚೆನ್ನಾಗಿತ್ತು. ಕಾರಣ ಒಲೆಯ ಹೊಗೆ. ವರ್ಷಗಟ್ಟಲೆ ಹೊಗೆ, ಕಾವು ತಾಗಿದ ಮರ ಒಣಗಿರುತ್ತದೆ, ಕುಟ್ಟೆ ಹುಳ ಹತ್ತಿರ ಬರುವುದಿಲ್ಲ. ಗ್ಯಾಸ್ ಬಂದ ಮೇಲೆ ಆ ರಕ್ಷಣೆ ಹೋಗಿದೆ. ಅದಕ್ಕೆ ಬದಲಾಗಿ ಹಳೇ ಮರಕ್ಕೆ ಗೇರೆಣ್ಣೆ (ಗೇರು ಬೀಜದ ಸಿಪ್ಪೆಯ ಎಣ್ಣೆ) ಬಳಿಸಿದೆ. ಕೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಹೊಸ ರೀಪಿಗೆ ನಮ್ಮ ತೋಟದ ಸಿಲ್ವರ್ ಓಕನ್ನೇ ಕೊಯ್ಸಿದೆ. ಸಿಲ್ವರ್ ಓಕ್ ಬೇಗ ಹುಳ ಹಿಡಿಯುತ್ತದೆ ಅನ್ನುವ ಮಾತು ನಿಜ. ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಕರಗಿಸಿದ ನೀರಿನಲ್ಲಿ ನೆನೆಹಾಕಿ ನೆರಳಲ್ಲಿ ಒಣಗಿಸಿ ಬಳಸಿದೆವು. ಈ ಔಷಧಿ ಮಳೆ ತಾಗಿದರೆ ತೊಳೆದು ಹೋಗುತ್ತದೆ, ಹಾಗಾಗಿ ಹಂಚಿನ ಅಡಿಯ ಮರಕ್ಕೆ ಮಾತ್ರ ಸರಿ. ಗೆದ್ದಲಿಗೆ ಔಷಧಿ ಹೊಡೆಸುವವರು ಬಾವಿ ಎಷ್ಟು ಹತ್ತಿರ ಇದೆ ಅಂತ ಮೊದಲು ನೋಡಿ.

ಗೋಡೆ ವಿಷಯದಲ್ಲಿ ಮೇಸ್ತ್ರಿ ಜೊತೆ ನನಗೆ ಜೋರು ಚರ್ಚೆಯೇ ಆಯಿತು.

“ಸಿಮೆಂಟ್ ಪ್ಲಾಸ್ಟರ್ ಹೊಡೆದ್ರೆ ಕಲ್ಲಿನ ಥರ ಆಗುತ್ತೆ ಗೌಡ್ರೆ. ಸುಣ್ಣ ಎಲ್ಲ ಹಳೇ ಕಾಲದ್ದು” ಅಂದರು.

“ಬನ್ನಿ ಮೇಸ್ತ್ರಿ, ಬಚ್ಚಲ ಗೋಡೆ ಒಂದ್ಸಲ ಕೆತ್ತಿ ನೋಡೋಣ” ಅಂದೆ.

ಬಚ್ಚಲ ಪಕ್ಕದ ಗೋಡೆಗೆ ಅಪ್ಪ ಹಿಂದೆ ಸಿಮೆಂಟ್ ಹಾಕಿಸಿದ್ದರು. ಒಂದು ಕಡೆ ಪ್ಲಾಸ್ಟರ್ ಎಬ್ಬಿಸಿದೆವು. ಏಪ್ರಿಲ್ ತಿಂಗಳು, ಹೊರಗೆ ಬಿಸಿಲು. ಆದರೂ ಒಳಗಿನ ಮಣ್ಣು ಉಂಡೆ ಕಟ್ಟುವಷ್ಟು ಒದ್ದೆ. ಅದರ ಪಕ್ಕದಲ್ಲೇ ಬರೀ ಮಣ್ಣು, ಸುಣ್ಣ ಇದ್ದ ಗೋಡೆ ಒಣಗಿ ಗಟ್ಟಿಯಾಗಿತ್ತು. ಮಣ್ಣಿನ ಗೋಡೆ ಮಳೆಗಾಲದಲ್ಲಿ ಥಂಡಿ ಹೀರುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ಸಣ್ಣ ಬಿರುಕಿನಿಂದ ಒಳಗೆ ಹೋದ ನೀರು ಹೊರಗೆ ಬರುವುದೇ ಇಲ್ಲ. ಪ್ಲಾಸ್ಟಿಕ್ ಥರದ ಎಮಲ್ಷನ್ ಬಣ್ಣವೂ ಅದನ್ನೇ ಮಾಡುತ್ತದೆ. ಮೇಸ್ತ್ರಿ ಆ ಒದ್ದೆ ಮಣ್ಣನ್ನು ಕೈಯಲ್ಲಿ ಹಿಸುಕಿ ನೋಡಿ, “ಸರಿ, ಸುಣ್ಣನೇ ಮಾಡೋಣ” ಅಂದರು.

ಸುಣ್ಣದ ಕೆಲಸಕ್ಕೆ ತಾಳ್ಮೆ ಬೇಕು. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಬೇಕು. ಸುಣ್ಣದ ಮೇಲೆ ನೀರು ಸುರಿದರೆ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ. ಅರಳಿದ ಸುಣ್ಣ ಸೋಸಿ, ಮೇಲೆ ನೀರು ನಿಲ್ಲಿಸಿ, ವಾರಗಟ್ಟಲೆ ಹಾಗೇ ಬಿಟ್ಟಷ್ಟೂ ಒಳ್ಳೆಯದು. ಗೋಡೆಯ ಸಡಿಲ ಮಣ್ಣು ಕೆರೆದು, ಹಳ್ಳಗಳಿಗೆ ಅದೇ ಜಾಗದ ಮಣ್ಣಿಗೆ ಹುಲ್ಲು ಸೇರಿಸಿ ತುಂಬಿ, ಅದು ಒಣಗಿದ ಮೇಲೆ ಸುಣ್ಣ ಮರಳಿನ ಗಾರೆ. ತೆಳ್ಳಗೆ ಎರಡು ಸಲ, ಒಂದೇ ಸಲ ದಪ್ಪ ಬೇಡ. ಕಿಟಕಿ ಚೌಕಟ್ಟಿನ ಸುತ್ತ, ಬೇಗ ಗಟ್ಟಿಯಾಗಬೇಕಾದ ಕಡೆ ಮಾತ್ರ ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ಮರಳು ಬಳಸಿದೆವು. ಮೇಲೆ ಬರೀ ಸುಣ್ಣ ಬಳಿದೆವು. ವರ್ಷ ಬಿಟ್ಟು ವರ್ಷ ಬಳಿಯಬೇಕಾಗುತ್ತದೆ. ನನಗೆ ಅದು ಕಷ್ಟ ಅನ್ನಿಸಿಲ್ಲ.

ಗೋಡೆಗಿಂತ ದೊಡ್ಡ ವ್ಯತ್ಯಾಸ ಕಂಡಿದ್ದು ಹೊರಗಿನ ಕೆಲಸದಿಂದ. ಮನೆ ಸುತ್ತಲಿನ ನೆಲ ವರ್ಷ ವರ್ಷ ಮಣ್ಣು ಬಿದ್ದು ಏರಿ, ಪಾಯದ ಕಲ್ಲು ಅರ್ಧ ಮುಚ್ಚಿಹೋಗಿತ್ತು. ಆ ಮಣ್ಣು ತೆಗೆದು, ಸೂರಿನ ನೀರು ಬೀಳುವ ಗೆರೆಗೆ ಸರಿಯಾಗಿ ಕಲ್ಲಿನ ಚರಂಡಿ ಮಾಡಿದೆವು. ಗೋಡೆಯಿಂದ ಚರಂಡಿವರೆಗೆ ಅಡಿಗೆ ಕಾಲು ಇಂಚು ಇಳಿಜಾರು. ಸೂರಿನ ಚಾಚು ಮೂರು ಅಡಿ ಇಟ್ಟೆವು. ಈಗ ಎಷ್ಟೋ ಮನೆಯಲ್ಲಿ ಅಂಗಳಕ್ಕೆಲ್ಲ ಸಿಮೆಂಟ್ ಅಥವಾ ಇಂಟರ್‌ಲಾಕ್ ಹಾಕಿಸುತ್ತಾರೆ. ನೋಡಲು ಚೆಂದ. ಆದರೆ ಅಡಿಯ ಥಂಡಿಗೆ ಮೇಲೆ ಬರಲು ಉಳಿಯುವುದು ಗೋಡೆ ಒಂದೇ. ಹಳೇ ಮನೆಯ ಗೋಡೆ ಪಕ್ಕ ಅಷ್ಟು ಜಾಗ ಮಣ್ಣೋ ಜಲ್ಲಿಯೋ ಬಿಡಿ. ಒಳಗಿನ ನೆಲಕ್ಕೂ ಇದೇ ಮಾತು. ನಾನು ಅದಕ್ಕೇ ವಿಟ್ರಿಫೈಡ್ ಟೈಲ್ಸ್ ಬೇಡ ಅಂದೆ, ಕೆಂಪು ನೆಲವನ್ನೇ ಉಳಿಸಿಕೊಂಡೆ.

ಧರೆ, ಅಂದರೆ ಮನೆ ಪಕ್ಕದ ಗುಡ್ಡದ ಮಣ್ಣಿನ ದಿಣ್ಣೆ, ಅದರ ಬಗ್ಗೆ ಗಟ್ಟಿಯಾಗಿ ಹೇಳಲೇಬೇಕು. ಜಾಗ ಜಾಸ್ತಿ ಮಾಡಲು ಮನೆ ಹಿಂದಿನ ಧರೆಯನ್ನು ಜೆಸಿಬಿಯಿಂದ ನೆಟ್ಟಗೆ ಕಡಿಸಬೇಡಿ. 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದಿದ್ದನ್ನು ನಾವೆಲ್ಲ ಕಂಡಿದ್ದೇವೆ. ನೆನೆದ ಮಣ್ಣಿನ ಭಾರ ಯಾವ ಗೋಡೆಗೂ ತಡೆಯುವುದಿಲ್ಲ. ನಾವು ಧರೆಯನ್ನು ಎರಡು ಮೆಟ್ಟಿಲಾಗಿ ಇಳಿಸಿದೆವು. ಅದರ ನೆತ್ತಿಯ ಮೇಲೆ ಒಂದು ಕಾಲುವೆ ತೆಗೆದು ಮೇಲಿನ ನೀರನ್ನು ಪಕ್ಕಕ್ಕೆ ತಿರುಗಿಸಿದೆವು. ಕೆಳಗೆ ಗಾರೆ ಇಲ್ಲದ ಕಲ್ಲಿನ ಕಟ್ಟೆ ಕಟ್ಟಿದೆವು. ಗಾರೆ ಹಾಕಿ ಕಟ್ಟುವುದಾದರೆ ನೀರು ಬಸಿಯಲು ಪೈಪು ಬಿಡಲೇಬೇಕು, ಹಿಂದೆ ಜಲ್ಲಿ ತುಂಬಲೇಬೇಕು.

ಹೊಸ ಬಾತ್‌ರೂಮ್ ಆರ್‌ಸಿಸಿಯಲ್ಲೇ ಮಾಡಿಸಿದೆ. ಆದರೆ ಅದನ್ನು ಹಳೇ ಗೋಡೆಗೆ ಅಂಟಿಸಲಿಲ್ಲ. ಬೇರೆಯೇ ಪಾಯ, ಬೇರೆಯೇ ಗೋಡೆ, ಅದರ ತಾರಸಿ ಹಳೇ ಸೂರಿನ ಅಡಿಗೆ ಬರುವ ಹಾಗೆ. ಮಣ್ಣಿನ ಮನೆ ಮತ್ತು ಕಾಂಕ್ರೀಟು ಸೇರುವ ಸಂದು ಯಾವತ್ತೂ ಬಿಡುತ್ತದೆ, ಎರಡೂ ಕೂರುವ ರೀತಿ ಬೇರೆ. ಟೈಲ್ಸ್ ಹಾಕುವ ಮುಂಚೆ ಬಾತ್‌ರೂಮಿನ ನೆಲದಲ್ಲಿ 48 ಗಂಟೆ ನೀರು ನಿಲ್ಲಿಸಿ ನೋಡಿ. ಶೌಚಾಲಯದ ಗುಂಡಿ ಬಾವಿಯಿಂದ ಕನಿಷ್ಠ 15 ಮೀಟರ್ ದೂರ, ಇಳಿಜಾರಿನ ಕೆಳಗಡೆ ಇರಲಿ. ವೈರಿಂಗ್ ಪೂರ್ತಿ ಹೊಸದು ಮಾಡಿಸಿ, ಹೊಸ ಅರ್ತಿಂಗ್ ಕೊಡಿಸಿ. ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಬೋರ್ಡಿನಲ್ಲಿ ಇರಲೇಬೇಕು. ಥಂಡಿ ಗೋಡೆಯಲ್ಲಿ ಶಾಕ್ ತಪ್ಪಿಸುವುದು ಅದೇ.

ಕೆಲಸ ಮುಗಿದ ಮೇಲೂ ವರ್ಷಕ್ಕೊಂದು ಸಲ ಮೇ ತಿಂಗಳಲ್ಲಿ ಮಾಡು ಹತ್ತಬೇಕು. ಒಳಮೂಲೆಯ ಎಲೆ ತೆಗೆಯುವುದು, ಸರಿದ ಹಂಚು ಕೂರಿಸುವುದು, ಚರಂಡಿ ಬಿಡಿಸುವುದು. ಹಂಚಿನ ಮೇಲೆ ಕಾಲಿಡುವಾಗ ರೀಪು ಇರುವ ಗೆರೆಯ ಮೇಲೇ ಇಡಿ, ನಡುವೆ ಇಟ್ಟರೆ ಒಡೆಯುತ್ತದೆ. ಬದಲಿಸಲು ಅದೇ ಹೆಸರಿನ ಹಂಚು ನೂರರಷ್ಟು ಕೊಟ್ಟಿಗೆಯಲ್ಲಿ ಎತ್ತಿಟ್ಟಿರಿ. ಹಳೇ ಕಾರ್ಖಾನೆಗಳು ಎಷ್ಟೋ ಮುಚ್ಚಿವೆ. ಎಲ್ಲಾದರೂ ಹಳೇ ಮನೆ ಬಿಚ್ಚುತ್ತಿದ್ದಾರೆ ಅಂತ ಗೊತ್ತಾದರೆ ನಾನು ಈಗಲೂ ಹೋಗಿ ಹಂಚಿನ ಅಚ್ಚು ನೋಡಿ ಬರುತ್ತೇನೆ. ನಮ್ಮ ಹಂಚಿನ ಹೆಸರಿನದೇ ಇದ್ದರೆ ಕೇಳಿ ತರುತ್ತೇನೆ.