ಕಾಣದ ನರಮೇಧವನ್ನು ಮಕ್ಕಳಿಗೆ ಓದಿಸುವುದು ಹೇಗೆ

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಪಿಯುಸಿ ಮಕ್ಕಳನ್ನು ಕೂಡಿಸಿಕೊಂಡು ಓದಿಸುತ್ತೇನೆ. ಯಹೂದಿಗಳ ನರಮೇಧದ ಬಗ್ಗೆ ಓದಿಸಬೇಕು ಅನ್ನುವವರು ಆರ್ಟ್ ಸ್ಪೀಗಲ್‌ಮನ್ ಅವರ ಚಿತ್ರಕಥೆ ‘ಮೌಸ್’ನಿಂದ ಶುರು ಮಾಡಿ. ಅವರ ಅಪ್ಪ, ಅಮ್ಮ ಪೋಲೆಂಡಿನಲ್ಲಿ ಹಿಟ್ಲರನ ನಾಜಿಗಳು ನಡೆಸಿದ ಸಾವಿನ ಶಿಬಿರ ಆಷ್‌ವಿಟ್ಜ್‌ನಿಂದ ಬದುಕಿ ಬಂದವರು. ಅಪ್ಪ ಹೇಳಿದ್ದನ್ನು ಮಗ ಚಿತ್ರಗಳಲ್ಲಿ ಬರೆದಿದ್ದಾರೆ, ಯಹೂದಿಗಳಿಗೆ ಇಲಿಯ ಮುಖ ಕೊಟ್ಟು. ಮಗ ಹುಟ್ಟಿದ್ದು 1948ರಲ್ಲಿ. ನಮ್ಮ ಮಕ್ಕಳ ಹಾಗೆ ಅವರೂ ಕಣ್ಣಾರೆ ಕಾಣದವರೇ ಅಲ್ವಾ?

ಮೊದಲು ಸಂಗತಿ ಹೇಳಿಬಿಡಿ. ಗೋಡೆಗೆ ನಕ್ಷೆ ಹಚ್ಚಿ ಪೋಲೆಂಡ್ ತೋರಿಸಿ. ನಾಜಿಗಳು ಮತ್ತು ಅವರ ಜೊತೆಗಾರರು ಕೊಂದ ಯಹೂದಿಗಳು ಸುಮಾರು 60 ಲಕ್ಷ. ಆಷ್‌ವಿಟ್ಜ್ ಒಂದರಲ್ಲೇ ಸುಮಾರು 11 ಲಕ್ಷ ಜನ ಸತ್ತರು, ಬಹುಪಾಲು ಯಹೂದಿಗಳು. ಇಷ್ಟು ಸಾಕು. ಮೊಬೈಲಿನಲ್ಲಿ ಹೆಣಗಳ ಫೋಟೋ ತೋರಿಸಬೇಡಿ. ಮಕ್ಕಳು ಗಾಬರಿಯಾದರೆ ಮುಂದಿನ ಮಾತು ಕಿವಿಗೆ ಬೀಳುವುದಿಲ್ಲ. ಗಿರ್ಮಿಟ್ ಕೊಡೋದಿದ್ದರೆ ಓದಿಗೆ ಮೊದಲೇ ಕೊಟ್ಟುಬಿಡಿ.

‘ಮೇಡಂ, ಯಹೂದಿಗಳನ್ನ ಇಲಿ ಯಾಕ ಮಾಡ್ಯಾರ್ರಿ?’ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ನಾಜಿಗಳ ಪ್ರಚಾರ ಯಹೂದಿಗಳನ್ನು ಇಲಿ, ಹೆಗ್ಗಣ ಎಂದು ಹೀಗಳೆಯುತ್ತಿತ್ತು. ಆ ಬೈಗುಳವನ್ನೇ ಎತ್ತಿಕೊಂಡು ಸ್ಪೀಗಲ್‌ಮನ್ ಇಲಿಗೆ ಮನುಷ್ಯರ ಬದುಕು ಕೊಟ್ಟರು ಎಂದು ಹೇಳಿ.

ಎರಡನೇ ಸಂಪುಟದ ಒಂದು ಪುಟದಲ್ಲಿ ಮಾತ್ರ ಜಾಸ್ತಿ ಹೊತ್ತು ನಿಲ್ಲಿ. ಶಿಬಿರದ ಬಾಗಿಲಲ್ಲಿ ಕೈದಿಗಳ ವಾದ್ಯಮೇಳ ಇತ್ತಂತೆ, ಹೌದಾ ಎಂದು ಮಗ ಕೇಳುತ್ತಾರೆ. ಅಪ್ಪ ಇಲ್ಲ ಅನ್ನುತ್ತಾರೆ. ಅವರಿಗೆ ನೆನಪಿರುವುದು ಬರೀ ಸಾಲುಗಟ್ಟಿ ನಡೆದದ್ದು. ಆದರೆ ಮೇಳ ಇದ್ದದ್ದಕ್ಕೆ ದಾಖಲೆ ಇದೆ. ಒಂದು ಚೌಕದಲ್ಲಿ ಮೇಳ ಕಾಣುತ್ತದೆ. ಇನ್ನೊಂದರಲ್ಲಿ ನಡೆಯುವ ಕೈದಿಗಳು ಅದಕ್ಕೆ ಅಡ್ಡ ಬರುತ್ತಾರೆ, ಆದರೂ ಹಿಂದೆ ವಾದ್ಯಗಳ ತುದಿ ಇಣುಕುತ್ತದೆ. ನೀವು ಬೆರಳು ತೋರಿಸಬೇಡಿ, ಮಕ್ಕಳೇ ಹುಡುಕಲಿ. ಸ್ಪೀಗಲ್‌ಮನ್ ಅಪ್ಪನ ಮಾತನ್ನೂ ತಳ್ಳಲಿಲ್ಲ, ದಾಖಲೆಯನ್ನೂ ಬಿಡಲಿಲ್ಲ. ಈ ಒಂದು ಪುಟಕ್ಕಾಗಿಯೇ ನಾನು ಈ ಪುಸ್ತಕ ಆರಿಸುತ್ತೇನೆ.

ಆಮೇಲೆ 10 ಸೆಂಟಿಮೀಟರ್ ಉದ್ದಗಲದ ಕಾಗದ ಕತ್ತರಿಸಿ ನೆಲದ ಮೇಲಿಡಿ. ಜರ್ಮನಿಯ ಕಲಾವಿದ ಗುಂಟರ್ ಡೆಮ್ನಿಗ್ ಶುರು ಮಾಡಿದ ಹಿತ್ತಾಳೆ ಹೊದಿಕೆಯ ಕಲ್ಲುಗಳ ಅಳತೆ ಇದು. ನಾಜಿಗಳಿಗೆ ಬಲಿಯಾದವರ ಮನೆಯ ಮುಂದೆ, ಫುಟ್‌ಪಾತಿನಲ್ಲೇ ಹುಗಿಯುತ್ತಾರೆ. ಹೆಸರು, ಹುಟ್ಟಿದ ವರ್ಷ, ಏನಾದರು ಅನ್ನೋದು ಅದರ ಮೇಲಿರುತ್ತದೆ. ಯುರೋಪಿನಲ್ಲಿ ಈಗ 1 ಲಕ್ಷಕ್ಕೂ ಹೆಚ್ಚು ಇವೆ. ಓದಬೇಕೆಂದರೆ ಬಗ್ಗಬೇಕು, ಮಕ್ಕಳೂ ಬಗ್ಗಿ ನೋಡಲಿ.

‘ನೀನೇ ಕೈದಿ ಎಂದುಕೊಂಡು ಡೈರಿ ಬರೆ’ ಎಂದು ಮಾತ್ರ ಹೇಳಬೇಡಿ. ಅದು ಸುಮ್ನೆ ನಟನೆ, ಸತ್ತವರಿಗೆ ಮಾಡುವ ಅನ್ಯಾಯ. ಬದಲಿಗೆ ಮನೆಯ ಅಜ್ಜ, ಅಜ್ಜಿ ಕಣ್ಣಾರೆ ಕಂಡ ಒಂದು ಘಟನೆ ಕೇಳಿ ಬರಲಿ. ಅದನ್ನು ನರಮೇಧಕ್ಕೆ ಹೋಲಿಸುವುದು ಬೇಡ, ಕಲಿಯಬೇಕಾದದ್ದು ಕೇಳುವ ರೀತಿ. ನೋಟ್‌ಬುಕ್ಕಿನ ಎಡ ಪುಟದಲ್ಲಿ ಹಿರಿಯರ ಮಾತು, ಅವರು ಹೇಳಿದ ಹಾಗೇ. ಬಲ ಪುಟದಲ್ಲಿ ಮಕ್ಕಳ ಅನುಮಾನ, ಬೇರೆ ಕಡೆ ಸಿಕ್ಕ ಮಾಹಿತಿ. ಎರಡೂ ತಾಳೆಯಾಗದಿದ್ದರೆ ಎಡ ಪುಟ ತಿದ್ದಬಾರದು ಎಂದು ಮೊದಲೇ ತಿಳಿಸಿ.