ಐದು ರೆಡ್ ಇಂಕ್ ಇದ್ದರೂ ಪೆನ್ಷನ್ ಪಡೆದೆ: ನನ್ನ ಅನುಭವ

ಸೇನೆಯಲ್ಲಿ ನಾಲ್ಕು ರೆಡ್ ಇಂಕ್ (ಸೇವಾ ದಾಖಲೆಯಲ್ಲಿ ಕೆಂಪು ಶಾಯಿಯಲ್ಲಿ ಬರೆಯುವ ಶಿಕ್ಷೆ) ಬಿದ್ದು ಮನೆಗೆ ಕಳಿಸಿದರೆ ಅಲ್ಲಿಗೆ ಕಥೆ ಮುಗಿಯಿತು. ನನಗೆ ಎಲ್ಲರೂ ಹೇಳಿದ್ದು ಇದನ್ನೇ. ಬ್ಯಾಚ್‌ಮೇಟ್‌ಗಳು ಹೇಳಿದರು, ನಮ್ಮೂರಿನ ನಿವೃತ್ತ ಸುಬೇದಾರ್ ಸಾಹೇಬರು ಹೇಳಿದರು, ಫೀಸು ತಗೊಂಡ ವಕೀಲರೂ ಹೇಳಿದರು. ಈಗ ನನ್ನ ಹೆಸರಿನ ಪಿಪಿಒ (ಪೆನ್ಷನ್ ಪಾವತಿ ಆದೇಶ) ಕೈಯಲ್ಲಿದೆ. ತಿಂಗಳು ತಿಂಗಳು ಪೆನ್ಷನ್ ಬೀಳುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಆರ್ಮಿ ರೂಲ್ 13(3), ಟೇಬಲ್ III(v) ಡಿಸ್ಚಾರ್ಜ್, ಅಂದರೆ ಕೋರ್ಟ್ ಮಾರ್ಷಲ್ ಇಲ್ಲದೆ ಸೇವೆಯಿಂದ ಬಿಡುಗಡೆ. ಸೇವೆ ಹನ್ನೆರಡು ವರ್ಷ ಚಿಲ್ಲರೆ, ಪೆನ್ಷನ್‌ಗೆ ಬೇಕಿದ್ದದ್ದು 15. ಐದು ರೆಡ್ ಇಂಕ್‌ನಲ್ಲಿ ನಾಲ್ಕು ರಜೆ ಮೀರಿದ್ದಕ್ಕೆ. ಅಮ್ಮನಿಗೆ ಕಿಡ್ನಿ ತೊಂದರೆ, ಆಸ್ಪತ್ರೆಗೆ ಓಡಾಡೋಕೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕೋರ್ಟ್ ಮಾರ್ಷಲ್ ಆಗಿ ಡಿಸ್ಮಿಸ್ ಆದವರ ದಾರಿ ಬೇರೆ. ಇದನ್ನು ಅವರು ಹಾಗೇ ಹಿಡಿಯಬಾರದು.

ಮೊದಲು ದುಡ್ಡು ಹೋದದ್ದನ್ನು ಹೇಳುತ್ತೇನೆ. ಹೊರಬಂದದ್ದು 2011ರ ಸುಮಾರಿಗೆ. ಊರಿನ ಹತ್ತಿರದ ವಕೀಲರೊಬ್ಬರು ಬೆಂಗಳೂರಿನ ಹೈಕೋರ್ಟ್‌ನಲ್ಲಿ ರಿಟ್ ಹಾಕಿಸಿದರು. 2009ರಿಂದಲೇ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕೆಲಸ ಮಾಡುತ್ತಿದೆ, ಕರ್ನಾಟಕದವರ ಕೇಸು ಕೊಚ್ಚಿ ಪೀಠಕ್ಕೆ ಹೋಗಬೇಕು ಅನ್ನೋದು ಅವರಿಗೆ ಗೊತ್ತೇ ಇರಲಿಲ್ಲ. ಅಲ್ಲಿಗೇ ಹೋಗಿ ಅಂತ ರಿಟ್ ವಾಪಸ್ ಬಂತು. ನಲವತ್ತು ಸಾವಿರದ ಹತ್ತಿರ ಹೋಯಿತು. ಹೆಂಡತಿಯ ಬಳೆ ಅಡವಿಟ್ಟ ದುಡ್ಡು ಅದು.

ಆಮೇಲೆ ದಯಾ ಅರ್ಜಿಗಳು. ದೆಹಲಿಗೆ ಬರೆದೆ, ಬ್ರಿಗೇಡ್‌ಗೆ ಬರೆದೆ. ತಪ್ಪಾಯಿತು, ಕ್ಷಮಿಸಿ, ಮಕ್ಕಳು ಚಿಕ್ಕವರು ಅಂತ. ಬಂದ ಉತ್ತರಗಳಿಗೆಲ್ಲ ಒಂದೇ ಅಚ್ಚು. ದಯೆ ಕೇಳಿದಷ್ಟೂ ಆ ಐದು ಶಿಕ್ಷೆಗಳನ್ನು ನಾವೇ ಇನ್ನೊಮ್ಮೆ ಒಪ್ಪಿಕೊಂಡ ಹಾಗೆ ಆಗುತ್ತದೆ. ಈ ಕೆಲಸ ಯಾರೂ ಮಾಡಬೇಡಿ.

ದಾರಿ ತೋರಿಸಿದ್ದು ಹೆಡ್ ಕ್ಲರ್ಕ್ ಆಗಿದ್ದ ಒಬ್ಬರು ಹವಾಲ್ದಾರ್. "ತಮ್ಮಾ, ರೆಡ್ ಇಂಕ್ ಜೊತೆ ಗುದ್ದಾಡಬೇಡ. 1988ರ ಡಿಸೆಂಬರ್ 28ರ ಪತ್ರ ಓದು" ಅಂದರು. ಸೇನಾ ಮುಖ್ಯಾಲಯದ ಪತ್ರ ಅದು. ಈ ರೂಲ್‌ನಲ್ಲಿ ಮನೆಗೆ ಕಳಿಸುವ ಮೊದಲು ಪ್ರಾಥಮಿಕ ವಿಚಾರಣೆ ಆಗಬೇಕು, ನಾಲ್ಕು ರೆಡ್ ಇಂಕ್ ಆಯಿತು ಅಂತ ಲೆಕ್ಕ ಹಾಕಿ ಕಳಿಸುವಂತಿಲ್ಲ. ಎಷ್ಟು ವರ್ಷ ಸೇವೆ ಆಗಿದೆ, ಎಂಥ ಕಷ್ಟದ ಜಾಗದಲ್ಲಿ ಇದ್ದ, ಪೆನ್ಷನ್‌ಗೆ ಎಷ್ಟು ಹತ್ತಿರ ಇದ್ದಾನೆ, ಎಲ್ಲ ನೋಡಬೇಕು.

ನನ್ನ ವಿಷಯದಲ್ಲಿ ವಿಚಾರಣೆ ಆಗಿತ್ತಾ? ಆರ್‌ಟಿಐ ಹಾಕಿದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. "ಯಾಕೆ ಮಾಡಲಿಲ್ಲ" ಅಂತ ಕೇಳಿದರೆ ಉತ್ತರ ಕೊಡುವುದಿಲ್ಲ, ಕಾಗದ ಕೇಳಬೇಕು. ವಿಚಾರಣೆಗೆ ಆದೇಶಿಸಿದ ಪತ್ರ, ಅದರ ನಡಾವಳಿ, ಶೋಕಾಸ್ (ಕಾರಣ ಕೇಳುವ ನೋಟಿಸ್), ಅದಕ್ಕೆ ನಾನು ಕೊಟ್ಟ ಉತ್ತರ, ಡಿಸ್ಚಾರ್ಜ್‌ಗೆ ಬ್ರಿಗೇಡ್ ಕಮಾಂಡರ್ ಮಂಜೂರಾತಿ, ಒಂದೊಂದರ ದೃಢೀಕೃತ ಪ್ರತಿ ಕೇಳಿದೆ. ಮೊದಲ ಸಲ ಅರ್ಧಂಬರ್ಧ ಕೊಟ್ಟರು. ಮೇಲ್ಮನವಿ ಹಾಕಿದ ಮೇಲೆ ಬರೆದುಕೊಟ್ಟರು, ವಿಚಾರಣೆಯ ಕಾಗದ ದಾಖಲೆಯಲ್ಲಿ ಇಲ್ಲ ಅಂತ. ಕೇಸು ಗೆಲ್ಲಿಸಿದ್ದು ಆ ಒಂದು ಸಾಲು.

ಅದನ್ನು ಇಟ್ಟುಕೊಂಡು ಸೇನೆಗೇ ಸ್ಟ್ಯಾಚುಟರಿ ಕಂಪ್ಲೇಂಟ್ (ಕಾನೂನುಬದ್ಧ ದೂರು) ಕೊಟ್ಟೆ. ಆರು ತಿಂಗಳು ಉತ್ತರ ಇಲ್ಲ. ನೇರ ಕೊಚ್ಚಿ ಪೀಠಕ್ಕೆ ಹೋಗಿ ಓಎ (ಮೂಲ ಅರ್ಜಿ) ಹಾಕಿದೆ, ಜೊತೆಗೆ ತಡ ಮನ್ನಾ ಮಾಡಿ ಅಂತ ಎಂಎ (ಇತರೆ ಅರ್ಜಿ). 2014ರ ಮಾತು. ಅಲ್ಲಿನ ವಕೀಲರು ಪೂರ್ತಿ ಕೇಸಿಗೆ ಅರವತ್ತೈದು ಸಾವಿರದ ಆಸುಪಾಸು ತಗೊಂಡರು, ಅದೂ ಕಂತಿನಲ್ಲಿ. ಬೆಂಗಳೂರಿಂದ ಎರ್ನಾಕುಳಂಗೆ ಸ್ಲೀಪರ್ ಪ್ರಯಾಣದ ಖರ್ಚು ಬೇರೆ.

ಮಾರನೇ ವರ್ಷ, 2015ರ ಅಕ್ಟೋಬರ್‌ನಲ್ಲಿ, ವೀರೇಂದ್ರ ಕುಮಾರ್ ದುಬೆ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದೇ ಮಾತು ಹೇಳಿತು. ವಿಚಾರಣೆ ಇಲ್ಲದೆ, ರೆಡ್ ಇಂಕ್ ಎಣಿಸಿ ಕಳಿಸಿದ್ದು ನಿಲ್ಲುವುದಿಲ್ಲ ಅಂತ. ನಾನು ಆ ತೀರ್ಪಿಗೆ ಮೊದಲೇ ಈ ಅಂಶ ಹಿಡಿದು ಓಎ ಹಾಕಿದ್ದೆ. ನಕ್ಕಿದ್ದವರೆಲ್ಲ ಆಗ ಫೋನ್ ಮಾಡೋಕೆ ಶುರು ಮಾಡಿದರು. ಸುಮ್ನೆ ಕೂತಿದ್ದು ತೀರ್ಪು ಬಂದ ಮೇಲೆ ಎದ್ದವರಿಗಿಂತ, ಕೇಸು ಬಾಕಿ ಇದ್ದವನ ಕೈ ಗಟ್ಟಿ ಅಲ್ವಾ.

ಆದರೆ ಅಲ್ಲಿಗೇ ಮುಗಿಯಲಿಲ್ಲ. ತಾರೀಖಿನ ಮೇಲೆ ತಾರೀಖು. ಅಷ್ಟರಲ್ಲಿ 2019ರಲ್ಲಿ ಸತ್ಗುರ್ ಸಿಂಗ್ ತೀರ್ಪು ಬಂತು, ಎದುರು ಪಕ್ಷ ಅದನ್ನೇ ಹಿಡಿಯಿತು. ಅಲ್ಲಿ ಸಿಪಾಯಿ ಶೋಕಾಸ್‌ಗೆ ಕೊಟ್ಟ ಉತ್ತರದಲ್ಲಿ ಗೈರುಹಾಜರಿಗೆ ವಿವರಣೆಯೇ ಇರಲಿಲ್ಲ, ಹಾಗಾಗಿ ಅಷ್ಟು ವಿಚಾರಣೆ ಸಾಕು ಅಂದಿತ್ತು ಕೋರ್ಟ್. ನನ್ನ ಉತ್ತರದಲ್ಲಿ ಅಮ್ಮನ ಆಸ್ಪತ್ರೆ ಚೀಟಿಗಳ ವಿವರ ಇತ್ತು. ಮಂಜೂರಾತಿಯಲ್ಲಿ ಅದರ ಬಗ್ಗೆ ಒಂದು ಪದವೂ ಇರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ರಿಜಾಯಿಂಡರ್ (ಎದುರು ಪಕ್ಷದ ವಾದಕ್ಕೆ ಮರುಉತ್ತರ) ಬರೆಸಿದೆ. ಅದರಲ್ಲಿ ಇನ್ನೊಂದು ಅಂಶವೂ ಇತ್ತು, ಮಂಜೂರಾತಿಯ ತಾರೀಖಿಗೆ ಸಂಬಂಧಿಸಿದ್ದು. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ನನ್ನ ಜೊತೆಯವರಿಬ್ಬರ ಕೇಸು ಇನ್ನೂ ನಡೆಯುತ್ತಿದೆ.

ಮಧ್ಯೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಸೊಂಟ ನೋವಿನ ಮೇಲೆ ಡಿಸಬಿಲಿಟಿ ಪೆನ್ಷನ್ ಕೇಳಿದೆ. 2013ರ ಧರಮ್‌ವೀರ್ ಸಿಂಗ್ ತೀರ್ಪು ನಮ್ಮ ಕಡೆಗಿದೆ ಅಂತ ಧೈರ್ಯ. ಆದರೆ ಹೊರಬರುವಾಗಿನ ಮೆಡಿಕಲ್‌ನಲ್ಲಿ ಶೇಪ್ ಒನ್, ಅಂದರೆ ಪೂರ್ತಿ ಆರೋಗ್ಯವಂತ, ಅಂತ ಬರೆದಿದ್ದರು. ಏನೂ ಆಗಲಿಲ್ಲ. ಮೆಡಿಕಲ್ ಬೋರ್ಡ್‌ನಲ್ಲಿ ಕಾಯಿಲೆ ದಾಖಲಾಗದಿದ್ದರೆ ಅತ್ತ ದುಡ್ಡು ಸುರಿಯಬೇಡಿ.

ಕೋವಿಡ್ ಕಳೆದ ಮೇಲೆ ಆದೇಶ ಬಂತು. ಡಿಸ್ಚಾರ್ಜ್ ರದ್ದು. 15 ವರ್ಷ ತುಂಬುವವರೆಗೆ ಸೇವೆಯಲ್ಲಿ ಇದ್ದ ಹಾಗೆ ಲೆಕ್ಕ. ಆ ಅವಧಿಯ ಸಂಬಳ ಇಲ್ಲ, ಪೆನ್ಷನ್ ಉಂಟು. ಆದೇಶ ಬಂದರೂ ಹಣ ಬರಲಿಲ್ಲ, ಜಾರಿಗೆ ಇನ್ನೊಂದು ಅರ್ಜಿ ಹಾಕಬೇಕಾಯಿತು. ಅದಕ್ಕೂ ಹತ್ತು ಹದಿನೈದು ಸಾವಿರ ತೆಗೆದಿಟ್ಟುಕೊಳ್ಳಿ. ಕೊನೆಗೆ ಬಾಕಿ ಹನ್ನೆರಡು ಲಕ್ಷದ ಹತ್ತಿರ ಬಂತು. ಇಸಿಎಚ್‌ಎಸ್‌ಗೆ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಮೂವತ್ತು ಸಾವಿರ ಕಟ್ಟಿ ಕಾರ್ಡ್ ಮಾಡಿಸಿದೆ. ಅಮ್ಮನಿಗೆ ಈಗ ಡಯಾಲಿಸಿಸ್ ಅದರಲ್ಲೇ ಆಗುತ್ತಿದೆ. ಬಳೆ ಬಿಡಿಸಿದ್ದೂ ಆಯಿತು. ತಡವಾಗಿ ಹೋಗುವವರು ಇಷ್ಟು ಬಾಕಿ ಲೆಕ್ಕ ಹಾಕಬೇಡಿ. ತರ್ಸೇಮ್ ಸಿಂಗ್ ತೀರ್ಪಿನ ಪ್ರಕಾರ ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ ಮೂರು ವರ್ಷದ್ದು ಮಾತ್ರ ಸಿಗುತ್ತದೆ.

ಪೆನ್ಷನ್ ಇಲ್ಲದೆ ಬಂದವರ ಸೇವಾ ದಾಖಲೆಗಳನ್ನು 25 ವರ್ಷ ಆದಮೇಲೆ ನಾಶ ಮಾಡುತ್ತಾರೆ. ಹೊರಬಂದು 25 ವರ್ಷ ಆಗುತ್ತಾ ಬಂದವರು ವಕೀಲರನ್ನು ಆಮೇಲೆ ಹುಡುಕಿ. ಆರ್‌ಟಿಐ ಈ ವಾರವೇ ಹಾಕಿ, ಸ್ಪೀಡ್ ಪೋಸ್ಟ್‌ನಲ್ಲಿ.