ಬೆಂಗಳೂರಿನಲ್ಲಿ ಮನೆ ಪ್ಲ್ಯಾನ್ ಮಂಜೂರಿಗೆ ಮೊದಲು: ಕಾಲುವೆ, ಮರ, ಮಳೆನೀರು

ಮನೆ ಕಟ್ಟಲು ಹೊರಟವರು ಮೊದಲು ಹೋಗುವುದು ಆರ್ಕಿಟೆಕ್ಟ್ ಬಳಿಗೆ. ನಕ್ಷೆ ತಯಾರಾದ ಮೇಲೆ ಪಕ್ಕದಲ್ಲಿ ರಾಜಕಾಲುವೆ (ಮಳೆನೀರು ಹರಿಯುವ ಕಾಲುವೆ) ಇದೆ, ಗೇಟಿನ ಜಾಗದಲ್ಲಿ ಹೊಂಗೆ ಮರ ಇದೆ, ಮಳೆನೀರನ್ನು ನೆಲಕ್ಕೆ ಇಳಿಸುವ ಇಂಗುಬಾವಿಗೆ ಜಾಗವೇ ಉಳಿದಿಲ್ಲ ಎಂದು ಗೊತ್ತಾಗುತ್ತದೆ. ಈ ಮೂರನ್ನೂ ನಕ್ಷೆ ಬರೆಸುವ ಮುಂಚೆಯೇ ನೋಡಬೇಕು, ಅದೂ ಇದೇ ಕ್ರಮದಲ್ಲಿ. ಕಾಲುವೆ ಅಡ್ಡ ಬಂದರೆ ಕಟ್ಟಬಹುದೋ ಇಲ್ಲವೋ ಎಂಬುದೇ ಪ್ರಶ್ನೆ. ಮರ ಅಡ್ಡ ಬಂದರೆ ಕಟ್ಟಡದ ಆಕಾರ ಬದಲಾಗುತ್ತದೆ. ಮಳೆನೀರಿಗೆ ಬೇಕಿರುವುದು ನಾಲ್ಕೈದು ಅಡಿ ಜಾಗ, ಆದರೆ ಸರಿಯಾದ ಕಡೆ.

ಕಾಲುವೆ ಮತ್ತು ಕೆರೆ

ಸೈಟಿನ ಹಳೆಯ ಸರ್ವೆ ನಂಬರು ಹಿಡಿದು ಗ್ರಾಮ ನಕ್ಷೆ ತೆಗೆಯಿರಿ. ಕಂದಾಯ ಇಲಾಖೆಯ ಭೂದಾಖಲೆ ಜಾಲತಾಣದಲ್ಲಿ ಅದು ಸಿಗುತ್ತದೆ. ಮೊಬೈಲಿನಲ್ಲಿ ದಿಶಾಂಕ ಆ್ಯಪ್ ಹಾಕಿಕೊಂಡು ಸೈಟಿನಲ್ಲೇ ನಿಂತು ನೋಡಿದರೆ ಸರ್ವೆ ನಂಬರಿನ ಗಡಿ ತಿಳಿಯುತ್ತದೆ. ಇದು ಅಂದಾಜಿಗೆ ಮಾತ್ರ. ಗಡಿಯ ಬಗ್ಗೆ ಅನುಮಾನವಿದ್ದರೆ ಹದ್ದುಬಸ್ತಿಗೆ (ಸರ್ಕಾರಿ ಗಡಿ ಅಳತೆಗೆ) ಅರ್ಜಿ ಹಾಕಿ ಸರ್ವೇಯರ್‌ನಿಂದ ಅಳೆಸಿ, ಸ್ಕೆಚ್ ಪಡೆಯಿರಿ.

2015ರ ಪರಿಷ್ಕೃತ ಮಹಾಯೋಜನೆಯ ಪ್ರಕಾರ ಕೆರೆಯ ಸುತ್ತ 30 ಮೀಟರ್, ಪ್ರಾಥಮಿಕ (ದೊಡ್ಡ) ರಾಜಕಾಲುವೆಗೆ 50, ದ್ವಿತೀಯಕ್ಕೆ (ಮಧ್ಯಮ) 25, ತೃತೀಯಕ್ಕೆ (ಚಿಕ್ಕದು) 15 ಮೀಟರ್ ಮೀಸಲು ಪ್ರದೇಶ, ಅಂದರೆ ಮನೆ ಕಟ್ಟುವಂತಿಲ್ಲದ ಜಾಗ. ಕಾಲುವೆಗೆ ಅಳತೆ ಅದರ ಮಧ್ಯದಿಂದ, ಕೆರೆಗೆ ಕಂದಾಯ ದಾಖಲೆಯ ಗಡಿಯಿಂದ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಗೆ 75 ಮೀಟರ್ ಎಂದಿತ್ತು, ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಅದನ್ನು ರದ್ದು ಮಾಡಿತು. ಇವು ಬದಲಾಗುತ್ತಲೇ ಇರುವ ಸಂಖ್ಯೆಗಳು. ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ಅಳತೆಯನ್ನು ನಗರ ಯೋಜನೆ ವಿಭಾಗದಲ್ಲಿ ಕೇಳಿ, ಬರವಣಿಗೆಯಲ್ಲೇ ಪಡೆಯಿರಿ.

ಹದಿನೈದು ಮೀಟರ್ ಎಂದರೆ ಹತ್ತಿರ ಹತ್ತಿರ 49 ಅಡಿ. 30×40 ಸೈಟಿನ ಹಿಂಬದಿಗೆ ಆರಡಿ ಅಗಲದ ತೃತೀಯ ಕಾಲುವೆ ತಾಗಿದ್ದರೆ, ಅದರ ಮಧ್ಯದಿಂದ ಸೈಟಿನ ಮುಂದಿನ ಗಡಿಗೆ 43 ಅಡಿ. ಇಡೀ ಸೈಟೇ ಮೀಸಲು ಪ್ರದೇಶದೊಳಗೆ! ಕಾಲುವೆ ಒಣಗಿದೆ, ಮಣ್ಣು ಮುಚ್ಚಿದೆ, ಅಕ್ಕಪಕ್ಕದವರೆಲ್ಲ ಕಟ್ಟಿದ್ದಾರೆ ಎನ್ನುವ ಮಾತು ನಡೆಯುವುದಿಲ್ಲ. ಲೆಕ್ಕಕ್ಕೆ ಬರುವುದು ದಾಖಲೆ. ಹಾಗಾಗಿ ಈ ಕೆಲಸ ಸೈಟು ಕೊಳ್ಳುವ ಮುನ್ನವೇ ಆಗಿದ್ದರೆ ಇನ್ನೂ ಒಳ್ಳೆಯದು.

ಮರ

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಸ್ವಂತ ಜಾಗದ ಮರ ಕಡಿಯಲೂ ವೃಕ್ಷಾಧಿಕಾರಿಯ ಲಿಖಿತ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ಬುಡ ಕತ್ತರಿಸುವುದಷ್ಟೇ ಅಲ್ಲ, ಕೊಂಬೆ ಬೋಳಿಸುವುದು, ತೊಗಟೆ ಸುತ್ತ ಸುಲಿಯುವುದು, ವಿಷ ಹಾಕುವುದು, ಬೆಂಕಿ ಇಡುವುದು ಎಲ್ಲವೂ ಕಾಯ್ದೆಯ ಕಣ್ಣಿಗೆ ಕಡಿಯುವುದೇ.

ಅರ್ಜಿಯ ಜೊತೆ ಪ್ರತಿ ಮರದ ಜಾತಿ, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಅಳೆದ ಸುತ್ತಳತೆ, ಫೋಟೊ, ಜಾಗದ ದಾಖಲೆ, ನಕ್ಷೆಯಲ್ಲಿ ಮರ ನಿಂತ ಸ್ಥಳ ಕೊಡಿ. ಯಾವ ಮರ ಉಳಿಸುತ್ತೀರಿ ಎಂಬುದನ್ನೂ ಗುರುತಿಸಿ. ಪರಿಶೀಲನೆಗೆ ಬಂದವರು ಮೊದಲು ಕೇಳುವುದೇ ಅದು. ಐವತ್ತಕ್ಕಿಂತ ಹೆಚ್ಚು ಮರಗಳಾದರೆ ಸಾರ್ವಜನಿಕ ಆಕ್ಷೇಪಣೆ ಕರೆಯಬೇಕಾಗುತ್ತದೆ, ಆ ಸಮಯವನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಬೀದಿ ಬದಿಯ ಮರ ಗೇಟಿಗೆ ಅಡ್ಡ ಬಂದರೆ ಗೇಟನ್ನೇ ಸರಿಸಿ. ನಕ್ಷೆಯ ಹಂತದಲ್ಲಿ ಅದಕ್ಕೆ ಒಂದು ರೂಪಾಯಿಯೂ ಖರ್ಚಾಗದು, ಮೂವತ್ತು ವರ್ಷದ ನೆರಳನ್ನು ದುಡ್ಡು ಕೊಟ್ಟರೂ ತರಲಾಗದು. ಉಳಿಸಿದ ಮರದ ಬುಡದಲ್ಲಿ ಮರಳು, ಜಲ್ಲಿ ರಾಶಿ ಹಾಕಿಸಬೇಡಿ. ಸಿಮೆಂಟ್ ತೊಳೆದ ನೀರು ಸುರಿಯದಂತೆ ತಗಡು ಕಟ್ಟಿಸಿ. ಆ ಕ್ಷಾರಕ್ಕೆ ಬೇರು ಸುಡುತ್ತದೆ.

ಮಳೆನೀರು

2009ರ ಜಲಮಂಡಳಿ ಕಾಯ್ದೆ ತಿದ್ದುಪಡಿಯಿಂದ 1200 ಚದರ ಅಡಿ ಮತ್ತು ಮೇಲ್ಪಟ್ಟ ಸೈಟಿನ ಹೊಸ ಕಟ್ಟಡಕ್ಕೆ ಮಳೆನೀರು ಕೊಯ್ಲು ಕಡ್ಡಾಯ. ಪ್ರಮಾಣ: ತಾರಸಿಯ ಪ್ರತಿ ಚದರ ಮೀಟರಿಗೆ 60 ಲೀಟರ್, ಕಾಂಕ್ರೀಟ್ ಅಥವಾ ಕಲ್ಲು ಹಾಸಿದ ಅಂಗಳಕ್ಕೆ 30 ಲೀಟರ್. ಸಂಪು, ಇಂಗುಬಾವಿ ಎರಡೂ ಸೇರಿ ಅಷ್ಟಾದರೆ ಸಾಕು. ಒಂದು ಮಿಲಿಮೀಟರ್ ಮಳೆ ಎಂದರೆ ಚದರ ಮೀಟರಿಗೆ ಒಂದು ಲೀಟರ್. ಅಂದರೆ ಒಂದೇ ಸಲ 60 ಮಿ.ಮೀ. ಸುರಿದರೂ ತಾರಸಿಯ ನೀರು ಬೀದಿಗೆ ಹೋಗಬಾರದು ಎಂಬುದು ಇದರ ಆಶಯ.

30×40ರಲ್ಲಿ ತಾರಸಿ 80, ಹಾಸು 25 ಚದರ ಮೀಟರ್ ಎಂದಿಟ್ಟುಕೊಳ್ಳಿ. 4800 ಮತ್ತು 750 ಸೇರಿ 5550 ಲೀಟರ್. ಮೂರಡಿ ವ್ಯಾಸ, ಇಪ್ಪತ್ತು ಅಡಿ ಆಳದ ಇಂಗುಬಾವಿ ಸುಮಾರು 4000 ಲೀಟರ್ ಹಿಡಿಯುತ್ತದೆ. ಉಳಿದದ್ದಕ್ಕೆ 2000 ಲೀಟರಿನ ಮಳೆನೀರು ಸಂಪು. ಎಂಟಡಿಗೇ ಬಂಡೆ ಸಿಕ್ಕರೆ ಬಾವಿಯನ್ನು ಐದಡಿ ಅಗಲ ಮಾಡಿ, 4400 ಲೀಟರ್ ದಕ್ಕುತ್ತದೆ.

ಬಾವಿ ತೋಡುವುದನ್ನೇ ಕುಲಕಸುಬಾಗಿ ಮಾಡಿಕೊಂಡು ಬಂದ ಮಣ್ಣುವಡ್ಡರ ತಂಡಗಳು ನಗರದಲ್ಲಿವೆ. ಮಣ್ಣಿನ ಗುಣ ಅವರಿಗೆ ಗೊತ್ತು, ಅವರನ್ನೇ ಕರೆಯಿರಿ. ಬಾವಿಗೆ ಇಳಿಸುವ ಕಾಂಕ್ರೀಟ್ ರಿಂಗುಗಳ ಸಂದಿಗೆ ಸಿಮೆಂಟ್ ಬಳಿಯಬಾರದು, ತಳಕ್ಕೆ ಕಾಂಕ್ರೀಟ್ ಹಾಕಬಾರದು. ಜಲ್ಲಿ ತುಂಬಬೇಕಾದ್ದು ರಿಂಗಿನ ಹೊರಸುತ್ತಿಗೆ. ಎಲ್ಲ ಕಡೆ ಕಾಣುವ ತಪ್ಪೆಂದರೆ ಬಾವಿಯೊಳಕ್ಕೇ ಜಲ್ಲಿ ಸುರಿಯುವುದು. ಆಗ 4000 ಲೀಟರಿನ ಬಾವಿ 1600 ಹಿಡಿದರೆ ಹೆಚ್ಚು, ಹೂಳು ಕೂತರೆ ತೆಗೆಯಲೂ ಬಾರದು. ಬಾವಿ ಖಾಲಿ ಇರಲಿ, ಮೇಲೆ ಸ್ಲ್ಯಾಬ್ ಮತ್ತು ಬೀಗ ಹಾಕುವ ಕಬ್ಬಿಣದ ಮುಚ್ಚಳ ಇರಲಿ. ಮಕ್ಕಳಿರುವ ಮನೆಯಲ್ಲಿ ಈ ಮುಚ್ಚಳದ ವಿಷಯದಲ್ಲಿ ರಾಜಿ ಬೇಡ. ಜಾಗ ಮುಂಭಾಗದಲ್ಲಿ, ಸೆಪ್ಟಿಕ್ ಗುಂಡಿಯಿಂದ ದೂರ.

ತಾರಸಿಯಿಂದ ನಾಲ್ಕಿಂಚಿನ ಪೈಪು. ಮೊದಲ ಮಳೆಯ ಒಂದು ಮಿಲಿಮೀಟರ್, ಅಂದರೆ 80 ಲೀಟರ್, ಧೂಳು, ಹಕ್ಕಿ ಹಿಕ್ಕೆ ತೊಳೆದುಕೊಂಡು ಬರುತ್ತದೆ. ಅದನ್ನು ಹೊರಬಿಡಲು ವಾಲ್ವ್ ಇಡಿ. ಆಮೇಲೆ ಫಿಲ್ಟರ್, ಸಂಪು, ತುಂಬಿದ ಮೇಲೆ ಇಂಗುಬಾವಿ. ಅಂಗಳದ ನೀರಿನಲ್ಲಿ ಎಣ್ಣೆ, ಮಣ್ಣು ಇರುವುದರಿಂದ ಅದು ಸಂಪಿಗೆ ಬೇಡ. ಎರಡಡಿ ಚೌಕದ ಹೂಳುಗುಂಡಿ ದಾಟಿಸಿ ಬಾವಿಗೆ ಬಿಡಿ. ಕೊನೆಗೆ ಹೆಚ್ಚಾದ ನೀರು ಹೋಗಬೇಕಾದ್ದು ಬೀದಿಯ ಮಳೆಮೋರಿಗೆ. ಒಳಚರಂಡಿಗೆ ಜೋಡಿಸಿದರೆ ಜೋರು ಮಳೆಗೆ ಕೆಳಗಿನ ಮನೆಗಳ ಶೌಚಾಲಯದಲ್ಲಿ ಕೊಳಚೆ ಉಕ್ಕುತ್ತದೆ.

ಇದೆಲ್ಲ ಮಂಜೂರಾತಿ ನಕ್ಷೆಯಲ್ಲೇ ಅಳತೆ ಸಮೇತ ಕಾಣಬೇಕು. ಕಟ್ಟುವಾಗ ಬಾವಿಯ ಆಳಕ್ಕೆ ಟೇಪು ಹಿಡಿದ ಫೋಟೊ, ಮುಚ್ಚುವ ಮುನ್ನ ಪೈಪು, ಫಿಲ್ಟರ್‌ಗಳ ಫೋಟೊ ತೆಗೆದಿಡಿ. ನೀರಿನ ಸಂಪರ್ಕ ಕೇಳುವಾಗಲೂ ಓಸಿ (ಮನೆ ವಾಸಕ್ಕೆ ಸಿದ್ಧ ಎಂಬ ಪ್ರಮಾಣಪತ್ರ) ಪಡೆಯುವಾಗಲೂ ಅವು ಉಪಯೋಗಕ್ಕೆ ಬರುತ್ತವೆ. ವ್ಯವಸ್ಥೆ ಇಲ್ಲದಿದ್ದರೆ ಜಲಮಂಡಳಿ ತಿಂಗಳ ಬಿಲ್ಲಿಗೇ ದಂಡ ಸೇರಿಸುತ್ತದೆ.

ಒಟ್ಟು ನಿರ್ಮಾಣ 20,000 ಚದರ ಮೀಟರ್ ಮುಟ್ಟಿದರೆ ದಾರಿಯೇ ಬೇರೆ. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯಂತೆ ಪರಿಸರ ಪೂರ್ವಾನುಮತಿ ಸಿಗುವವರೆಗೆ ಕೆಲಸ ಶುರು ಮಾಡುವಂತಿಲ್ಲ.